ಚಂದ್ರನ ಹದ್ದುಬಸ್ತು

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಇಳಿದ ಜಾಗಕ್ಕೆ ಒಂದು ವಿಳಾಸವಿದೆ. ಮಾಂಜಿನಸ್ ಸಿ ಮತ್ತು ಸಿಂಪೀಲಿಯಸ್ ಎನ್ ಎಂಬ ಎರಡು ಕುಳಿಗಳ ನಡುವೆ ಅಂತ ಪತ್ರಿಕೆಗಳಲ್ಲಿ ಬಂತು. ನನ್ನ ಕಣ್ಣು ಆ ‘ಸಿ’ ಮತ್ತು ‘ಎನ್’ ಮೇಲೆ ನಿಂತಿತು. ಸರ್ವೆ ಇಲಾಖೆಯಲ್ಲಿ ಸೇವೆ ಮುಗಿಸಿದವನು ನಾನು. 45ನೇ ಸರ್ವೆ ನಂಬರು ಅಣ್ಣತಮ್ಮಂದಿರ ಪಾಲಾದ ಮೇಲೆ ಪೋಡಿ ಆಗಿ 45/1, 45/2 ಅಂತ ಹಿಸ್ಸಾ ಬೀಳುವುದನ್ನು ನೌಕರಿಯ ಉದ್ದಕ್ಕೂ ನೋಡಿದ್ದೇನೆ, ಬರೆದಿದ್ದೇನೆ. ಚಂದ್ರನ ಮೇಲಿನ ಆ ಅಕ್ಷರಗಳೂ ಅಂಥ ಹಿಸ್ಸಾಗಳೇ. ಮಾಂಜಿನಸ್ ಎಂಬ ಸುಮಾರು 98 ಕಿ.ಮೀ. ಅಗಲದ ದೊಡ್ಡ ಕುಳಿಯ ಸುತ್ತಮುತ್ತ ಇರುವ ಹೆಸರಿಲ್ಲದ ಚಿಕ್ಕ ಕುಳಿಗಳಿಗೆ ಎ, ಬಿ, ಸಿ ಅಂತ ಗುರುತು ಹಾಕಿದ್ದಾರೆ. ಹಾಗಾದರೆ ಹಾಕಿದವರು ಯಾರು? ಯಾವ ನಕಾಶೆ ನೋಡಿ ಹಾಕಿದರು? ಎರಡು ನಕಾಶೆ ಒಂದಕ್ಕೊಂದು ತಾಳೆಯಾಗದಿದ್ದಾಗ ತೀರ್ಮಾನ ಕೊಟ್ಟವರು ಯಾರು? ನನ್ನ ನಿವೃತ್ತಿಯ ಬಿಡುವೆಲ್ಲ ಈ ಪ್ರಶ್ನೆಗಳ ಹಿಂದೆಯೇ ಹೋಗಿದೆ, ಅದಕ್ಕೆ ನನಗೆ ಸಂತೋಷವೂ ಇದೆ.

ಅಳತೆ ಶುರುವಾದದ್ದು 1609ರಲ್ಲಿ. ಆ ವರ್ಷದ ಬೇಸಿಗೆಯಲ್ಲೇ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದಿಟ್ಟಿದ್ದ. ಆದರೆ ಕಂಡದ್ದನ್ನು ಲೆಕ್ಕಕ್ಕೆ ತಂದವನು ಗೆಲಿಲಿಯೊ. ಚಂದ್ರನ ಬೆಳಕಿನ ಭಾಗ ಮುಗಿದು ಕತ್ತಲು ಶುರುವಾಗುವ ಗೆರೆಯಿಂದ ಆಚೆಗೆ, ಕತ್ತಲ ಒಳಗೆ, ಕೆಲವು ಬೆಳಕಿನ ಚುಕ್ಕೆಗಳು ಅವನಿಗೆ ಕಂಡವು. ಬುಡಕ್ಕೆ ಇನ್ನೂ ಬಿಸಿಲು ಬಿದ್ದಿಲ್ಲ, ತುದಿಗೆ ಆಗಲೇ ಬಿದ್ದಿದೆ. ಅಂದರೆ ಅವು ಬೆಟ್ಟದ ನೆತ್ತಿಗಳು. ಆ ಚುಕ್ಕೆ ಗೆರೆಯಿಂದ ಎಷ್ಟು ದೂರ ಅಂತ ಅಂದಾಜು ಮಾಡಿದ: ಚಂದ್ರನ ವ್ಯಾಸದ ಇಪ್ಪತ್ತನೇ ಒಂದು ಪಾಲು. ವ್ಯಾಸ 2000 ಮೈಲಿ ಅಂತಿಟ್ಟುಕೊಂಡರೆ ದೂರ 100 ಮೈಲಿ, ತ್ರಿಜ್ಯ 1000 ಮೈಲಿ. ಉಳಿದದ್ದು ಪೈಥಾಗೊರಸನ ಪ್ರಮೇಯ. 1000ದ ವರ್ಗಕ್ಕೆ 100ರ ವರ್ಗ ಕೂಡಿಸಿ ಮೂಲ ತೆಗೆದರೆ 1005ಕ್ಕೆ ಒಂದು ಎಳೆ ಕಡಿಮೆ ಬರುತ್ತದೆ. ಅದರಲ್ಲಿ ತ್ರಿಜ್ಯದ 1000 ಕಳೆದರೆ ಉಳಿಯುವುದೇ ಬೆಟ್ಟದ ಎತ್ತರ, ನಾಲ್ಕು ಮೈಲಿಗೂ ಮಿಕ್ಕಿ. 1610ರ ಮಾರ್ಚಿನಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅವನ ಪುಟ್ಟ ಪುಸ್ತಕದಲ್ಲಿ ಈ ಲೆಕ್ಕವಿದೆ. ಇವತ್ತಿನ ಅಳತೆಗೆ ಹೋಲಿಸಿದರೆ ಅದು ಸ್ವಲ್ಪ ಹೆಚ್ಚೇ. ಆದರೆ ಕಾಲಿಡದ ನೆಲದ ಎತ್ತರವನ್ನು ಕಾಗದದ ಮೇಲೆ ತೆಗೆದ ಆ ಧೈರ್ಯಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಹೊಳೆಯ ಆಚೆ ದಡದ ಮರದ ದೂರ ತೆಗೆಯುವುದನ್ನು ತರಬೇತಿಯಲ್ಲಿ ಕಲಿತಾಗ ನನಗೆ ಆದ ರೋಮಾಂಚನವೇ ಈ ಲೆಕ್ಕ ಮಾಡಿದಾಗಲೂ ಆಯಿತು.

ಗೆಲಿಲಿಯೊ ಹೆಸರಿಡಲು ಹೋಗಲಿಲ್ಲ. ಒಂದು ದೊಡ್ಡ ಕುಳಿಯನ್ನು ಬೆಟ್ಟಗಳ ನಡುವಿನ ಬೊಹೀಮಿಯ ನಾಡಿಗೆ ಹೋಲಿಸಿ ಸುಮ್ಮನಾದ. ಹೆಸರಿನ ಜಗಳ ಶುರುವಾದದ್ದು ಮೂವತ್ತೈದು ವರ್ಷಗಳ ನಂತರ. 1645ರಲ್ಲಿ ಸ್ಪೇನಿನ ದೊರೆಯ ಸೇವೆಯಲ್ಲಿದ್ದ ಮೈಕೇಲ್ ವಾನ್ ಲಾಂಗ್ರೆನ್ ಒಂದು ನಕಾಶೆ ತಂದ. ಮುಖ್ಯ ಜಾಗಗಳಿಗೆಲ್ಲ ರಾಜಮನೆತನದವರ ಹೆಸರು, ದರಬಾರಿನವರ ಹೆಸರು. ಒಂದು ಒಳ್ಳೆಯ ಕುಳಿ ತನಗೂ ಇರಲಿ ಅಂತ ಇಟ್ಟುಕೊಂಡ, ಅದು ಈಗಲೂ ಅವನ ಹೆಸರಿನಲ್ಲೇ ಇದೆ. 1647ರಲ್ಲಿ ಡಾನ್‌ಜಿಗ್ ಪಟ್ಟಣದ ಬಿಯರ್ ತಯಾರಕ ಹೆವೀಲಿಯಸ್ ತನ್ನ ಮನೆಯ ಮಾಳಿಗೆಯಿಂದ ನೋಡಿ ಬರೆದ ದೊಡ್ಡ ಗ್ರಂಥ ಬಂತು. ಅವನು ಭೂಮಿಯ ಬೆಟ್ಟ, ಸರೋವರ, ದ್ವೀಪಗಳ ಹೆಸರುಗಳನ್ನೇ ಅಲ್ಲಿಗೂ ಸಾಗಿಸಿದ. ಆಮೇಲೆ 1651ರಲ್ಲಿ ಬೊಲೊನಾದ ಇಬ್ಬರು ಜೆಸುಯಿಟ್ ಪಾದ್ರಿಗಳು: ನಕಾಶೆ ಬರೆದವನು ಗ್ರಿಮಾಲ್ಡಿ, ಹೆಸರಿಟ್ಟವನು ರಿಚ್ಚೋಲಿ. ಹೀಗಾಗಿ ಒಂದೇ ಒಂದು ಕುಳಿ ಆರು ವರ್ಷದೊಳಗೆ ಮೂರು ಖಾತೆ ಕಂಡಿತು. ಲಾಂಗ್ರೆನ್‌ನಲ್ಲಿ ಅದು ನಾಲ್ಕನೇ ಫಿಲಿಪ್ ದೊರೆ, ಹೆವೀಲಿಯಸ್‌ನಲ್ಲಿ ಎಟ್ನಾ ಪರ್ವತ, ರಿಚ್ಚೋಲಿಯಲ್ಲಿ ಕೊಪರ್ನಿಕಸ್.

ಗೆದ್ದದ್ದು ರಿಚ್ಚೋಲಿ. ಅವನು ಚಂದ್ರನ ಮುಖವನ್ನು ಎಂಟು ಪಾಲು ಮಾಡಿ, ಪ್ರತಿ ಪಾಲಿಗೂ ಒಂದು ಕಾಲದ ಅಥವಾ ಒಂದು ಪಂಥದ ಪಂಡಿತರನ್ನು ಹಂಚಿದ. ಉತ್ತರಕ್ಕೆ ಹಳಬರು, ದಕ್ಷಿಣಕ್ಕೆ ಹೊಸಬರು. ಮಾಂಜಿನಸ್ ಅಂದರೆ ಅವನ ಊರಿನವನೇ ಆದ ಕಾರ್ಲೊ ಮಾಂಜೀನಿ. ಭೂಮಿ ಸೂರ್ಯನನ್ನು ಸುತ್ತುತ್ತದೆ ಅನ್ನುವುದನ್ನು ಚರ್ಚಿನ ಆಜ್ಞೆಯಂತೆ ಅಲ್ಲಗಳೆದು ಈ ನಕಾಶೆ ಅಚ್ಚಾದ ಗ್ರಂಥದಲ್ಲೇ ಪುಟಗಟ್ಟಲೆ ಬರೆದವನು ರಿಚ್ಚೋಲಿ. ಆದರೆ ಹೆಸರು ಹಂಚುವಾಗ ಚಂದ್ರನ ಅತಿ ಸುಂದರ ಕುಳಿಗಳಲ್ಲಿ ಒಂದನ್ನು, ಸುತ್ತ ಬಿಳಿ ಕಿರಣ ಹರಡಿದ 93 ಕಿ.ಮೀ. ಅಗಲದ್ದನ್ನು, ಕೊಪರ್ನಿಕಸನಿಗೆ ಕೊಟ್ಟ. ಪಕ್ಕದಲ್ಲೇ ಕೆಪ್ಲರ್. ಸ್ವಲ್ಪ ಆಚೆಗೆ, ಎರಡು ಸಾವಿರ ವರ್ಷದ ಹಿಂದೆಯೇ ಸೂರ್ಯನನ್ನು ನಡುವಿಗಿಟ್ಟ ಅರಿಸ್ಟಾರ್ಕಸ್. ಬಿರುಗಾಳಿಗಳ ಸಾಗರ ಎಂಬ ಕಪ್ಪು ಬಯಲಿಗೆ ಅವರನ್ನು ಎಸೆದೆ ಎಂಬ ಸಮಜಾಯಿಷಿ ಅವನದು. ತನ್ನ ಹೆಸರಿನ ಕುಳಿಯನ್ನೂ ಶಿಷ್ಯ ಗ್ರಿಮಾಲ್ಡಿಯದ್ದನ್ನೂ ಅದೇ ಸಾಗರದ ಅಂಚಿನಲ್ಲಿಟ್ಟುಕೊಂಡ. ಆ ಮನುಷ್ಯನ ಮನಸ್ಸು ಎಲ್ಲಿತ್ತು ಅನ್ನುವುದಕ್ಕೆ ನನಗೆ ಆ ನಕಾಶೆಗಿಂತ ಬೇರೆ ಸಾಕ್ಷಿ ಬೇಡ.

ಹೆಸರಾಯಿತು, ಸರಿಯಾದ ಅಳತೆ ಇನ್ನೂ ಇರಲಿಲ್ಲ. ಅದು ಬಂದದ್ದು 19ನೇ ಶತಮಾನದಲ್ಲಿ, ಅದೂ ನನ್ನ ಕಸುಬಿನವನೊಬ್ಬನಿಂದ. ಡ್ರೆಸ್ಡೆನ್‌ನ ವಿಲ್ಹೆಲ್ಮ್ ಲೋರ್ಮನ್ ಸ್ಯಾಕ್ಸನಿ ಸರ್ಕಾರದ ಭೂಮಾಪನ ಅಧಿಕಾರಿ. ಹಗಲು ಜಮೀನು, ರಾತ್ರಿ ಚಂದ್ರ. ಮೊದಲು ಕೆಲವು ಕುಳಿಗಳನ್ನು ಮೈಕ್ರೋಮೀಟರಿನಿಂದ ಖಚಿತವಾಗಿ ಅಳೆದು ಬಾಂದು ಕಲ್ಲಿನಂತೆ ನಿಲ್ಲಿಸಿಕೊಳ್ಳಬೇಕು, ಆಮೇಲೆ ಉಳಿದ ವಿವರಗಳನ್ನು ಅವಕ್ಕೆ ಕಟ್ಟಬೇಕು. ಯಾವ ಸರ್ವೇಯರ್ ಆದರೂ ಹೀಗೇ ಮಾಡುತ್ತಾನೆ. ಚಂದ್ರನ ನಕಾಶೆಯನ್ನು ಆ ಕ್ರಮದಲ್ಲಿ, ಇಪ್ಪತ್ತೈದು ಹಾಳೆಗಳಲ್ಲಿ ತರಲು ಅವನು ಹೊರಟ. 1824ರಲ್ಲಿ ನಾಲ್ಕು ಹಾಳೆ ಹೊರಬಂದವು. 1840ರಲ್ಲಿ ಅವನು ತೀರಿಹೋದ. ಪೂರ್ತಿ ನಕಾಶೆ ಅಚ್ಚಾದದ್ದು 1878ರಲ್ಲಿ, ಅಥೆನ್ಸ್ ವೀಕ್ಷಣಾಲಯದ ಯೂಲಿಯಸ್ ಷ್ಮಿಟ್‌ನ ಕೈಯಲ್ಲಿ.

ಅಷ್ಟರಲ್ಲಿ ಬರ್ಲಿನ್ನಿನ ಇಬ್ಬರು ಕೆಲಸ ಮುಗಿಸಿದ್ದರು. ವಿಲ್ಹೆಲ್ಮ್ ಬೇರ್ ಬ್ಯಾಂಕಿನವನು, ಮನೆಯ ಮೇಲೆ ಸ್ವಂತ ವೀಕ್ಷಣಾಲಯ ಕಟ್ಟಿಸಿದ್ದವನು. ಯೋಹಾನ್ ಮೇಡ್ಲರ್ ಅವನಿಗೆ ಪಾಠ ಹೇಳಲು ಬಂದವನು. 1830ರಿಂದ ಸುಮಾರು 600 ರಾತ್ರಿ ಕೂತು, 148 ಕುಳಿಗಳ ಅಗಲ, 830 ಬೆಟ್ಟಗಳ ಎತ್ತರ ಅಳೆದು, 1834ರಿಂದ 1836ರ ಒಳಗೆ ನಾಲ್ಕು ಹಾಳೆಯ ನಕಾಶೆ ಹೊರತಂದರು. ಅವರ ದೂರದರ್ಶಕದ ಬಾಯಿ 95 ಮಿಲಿಮೀಟರು. ನಮ್ಮ ಮನೆಯ ಮಾಳಿಗೆ ಮೇಲಿರುವ ನಾಲ್ಕಿಂಚಿನದು ಅದಕ್ಕಿಂತ ಕೂದಲೆಳೆ ದೊಡ್ಡದು ಅನ್ನುವುದು ನೆನಪಾದಾಗಲೆಲ್ಲ ಅವರ ಕಣ್ಣಿನ ಮೇಲೆ ನನಗೆ ಗೌರವ ಹೆಚ್ಚುತ್ತದೆ. ಹಿಸ್ಸಾ ಪದ್ಧತಿಯನ್ನು ಗಟ್ಟಿಯಾಗಿ ನೆಲೆಗೊಳಿಸಿದವನೂ ಮೇಡ್ಲರನೇ. ಸಣ್ಣ ಕುಳಿಗೆ ರೋಮನ್ ಅಕ್ಷರ, ಬೆಟ್ಟಕ್ಕೆ ಗ್ರೀಕ್ ಅಕ್ಷರ. ನಕಾಶೆಯಲ್ಲಿ ಆ ಅಕ್ಷರವನ್ನು ಬರೆಯುವಾಗ ಮೂಲ ಕುಳಿ ಯಾವ ಕಡೆ ಇದೆಯೋ ಆ ಕಡೆಗೆ ಬರೆಯಬೇಕು. ಎರಡು ದೊಡ್ಡ ಕುಳಿಗಳ ನಡುವೆ ಒಂದು ಚಿಕ್ಕದು ಬಿದ್ದಿದ್ದರೆ ಅದು ಯಾರ ಪಾಲಿನದು ಅಂತ ಅಕ್ಷರ ಕೂತ ಜಾಗವೇ ಹೇಳುತ್ತದೆ. ಎಷ್ಟು ಚಂದದ ಏರ್ಪಾಡು ನೋಡಿ!

ಕುಳಿಗಳನ್ನು ಜಾತಿವಾರು ವಿಂಗಡಿಸಿದ್ದೂ ಈ ಕಾಲದಲ್ಲೇ. ಅದರಲ್ಲಿ ನನಗೆ ಹೆಚ್ಚು ಇಷ್ಟವಾದವು ಗೋಡೆ ಸುತ್ತಿದ ಬಯಲುಗಳು. ಕೊಪರ್ನಿಕಸ್‌ನಂಥ ಕುಳಿಗೆ ಮೆಟ್ಟಿಲು ಮೆಟ್ಟಿಲಾದ ಗೋಡೆ, ನಡುವೆ ಶಿಖರ. ಬಯಲುಗಳು ಹಾಗಲ್ಲ. ತಳ ಚಪ್ಪಟೆ, ಅಗಲ ನೂರಾರು ಕಿಲೋಮೀಟರು, ಗೋಡೆ ಸವೆದು, ಮೇಲೆ ಬಿದ್ದ ಹೊಸ ಕುಳಿಗಳಿಂದ ಅಲ್ಲಲ್ಲಿ ಒಡೆದಿರುತ್ತದೆ. ಶುಕ್ಲ ಅಷ್ಟಮಿಯ ಆಸುಪಾಸು ಚಂದ್ರನ ನಡುಭಾಗಕ್ಕೆ ದೂರದರ್ಶಕ ಹಿಡಿದರೆ ಒಂದರ ಕೆಳಗೊಂದು ಮೂರು ಸಿಗುತ್ತವೆ: 153 ಕಿ.ಮೀ. ಅಗಲದ ಟಾಲೆಮಿ, ಅದಕ್ಕೆ ಅಂಟಿಕೊಂಡ ಅಲ್ಫಾನ್ಸಸ್, ಅದರಾಚೆ ಅರ್ಜಾಕೆಲ್. ಟಾಲೆಮಿಗೆ ಬೆಳಗಾಗುವುದನ್ನು ನೋಡಬೇಕು. ಮೊದಲು ಪಶ್ಚಿಮದ ಗೋಡೆಯ ನೆತ್ತಿಗೆ ಮಾತ್ರ ಬೆಳಕು ತಗಲಿ, ಕತ್ತಲಲ್ಲಿ ತೇಲುವ ತೆಳ್ಳನೆಯ ದಾರದಂತೆ ಕಾಣುತ್ತದೆ. ತಳವೆಲ್ಲ ಇನ್ನೂ ಮಸಿ. ಆಮೇಲೆ ಪೂರ್ವದ ಗೋಡೆಯ ಒಡಕುಗಳಿಂದ ಬಿಸಿಲು ಒಳಗೆ ಸುರಿಯತೊಡಗುತ್ತದೆ. ಗೋಡೆಯ ಒಂದೊಂದು ಶಿಖರದ ನೆರಳೂ ಗೋಪುರದ ಹಾಗೆ ಚೂಪಾಗಿ ಬಯಲಿನ ಉದ್ದಕ್ಕೂ ಮಲಗಿರುತ್ತದೆ. ಅಲ್ಲಿ ಸೂರ್ಯ ಗಂಟೆಗೆ ಏರುವುದು ಅರ್ಧ ಡಿಗ್ರಿ. ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ನೆರಳಿನ ತುದಿ ಹಿಂದೆ ಸರಿದದ್ದು ಗೊತ್ತಾಗುತ್ತದೆ. ಬಯಲಿನೊಳಗೆ ಒಂದು ಕಡೆ 9 ಕಿ.ಮೀ. ಅಗಲದ ಪುಟ್ಟ ಕುಳಿ, ನೆರಳು ತುಂಬಿ ಬಾವಿಯ ಹಾಗೆ ಕಪ್ಪಗೆ. ಅದೇ ಮೇಡ್ಲರನ ಟಾಲೆಮಿ ಎ. ಇಂಥ ನೆರಳುಗಳ ಉದ್ದ ಅಳೆದೇ ಬೇರ್ ಮತ್ತು ಮೇಡ್ಲರ್ 830 ಬೆಟ್ಟಗಳ ಎತ್ತರ ತೆಗೆದದ್ದು.

ಈ ಬಯಲುಗಳಲ್ಲೆಲ್ಲ ದೊಡ್ಡದು, ನಮಗೆ ಕಾಣುವ ಮುಖದಲ್ಲಿ, ದಕ್ಷಿಣ ಅಂಚಿನ ಬೈಯಿ, ಸುಮಾರು 300 ಕಿ.ಮೀ. ಅಗಲ. ಅದರ ನಡುವೆ ನಿಂತವನಿಗೆ ಸುತ್ತ ಗೋಡೆಯೇ ಕಾಣುವುದಿಲ್ಲ. ಚಂದ್ರನ ನೆಲ ಅಷ್ಟು ಬೇಗ ಬಾಗುತ್ತದೆ. 150 ಕಿ.ಮೀ. ದೂರಕ್ಕೆ ಆರು ಕಿ.ಮೀ.ಗೂ ಹೆಚ್ಚು ಇಳಿದುಹೋಗುತ್ತದೆ, ಅಷ್ಟು ಎತ್ತರದ ಗೋಡೆ ಅಲ್ಲಿಲ್ಲ. ಕೋಟೆಯೊಳಗಿದ್ದೂ ಕೋಟೆ ಕಾಣದ ಜಾಗ. ಝಾನ್ ಸಿಲ್ವೇನ್ ಬೈಯಿ ಫ್ರಾನ್ಸಿನ ಖಗೋಳಜ್ಞ, ಪ್ಯಾರಿಸ್ಸಿನ ಮೊದಲ ಮೇಯರ್, 1793ರ ನವೆಂಬರಿನಲ್ಲಿ ಕ್ರಾಂತಿಯ ಗಿಲೊಟಿನ್‌ಗೆ ತಲೆ ಕೊಟ್ಟವನು. ನಮಗೂ ಅವನು ಸಂಬಂಧಪಟ್ಟವನೇ. ದಕ್ಷಿಣ ಭಾರತದಿಂದ ಯೂರೋಪಿಗೆ ಹೋದ ಗ್ರಹಗಣಿತದ ಕೋಷ್ಟಕಗಳನ್ನು ಕೂತು ಬಿಡಿಸಿ, 1787ರಲ್ಲಿ ಭಾರತದ ಜ್ಯೋತಿಶ್ಶಾಸ್ತ್ರದ ಮೇಲೆ ಇಡೀ ಒಂದು ಗ್ರಂಥ ಬರೆದ. ನಮ್ಮ ಪಂಚಾಂಗದವರ ಗಣಿತವನ್ನು ಗೌರವದಿಂದ ಓದಿದವನ ಹೆಸರಿಗೆ ಆ ದೊಡ್ಡ ಬಯಲು ಇರುವುದು ನನಗೆ ತುಂಬ ಹಿತವಾದ ಸಂಗತಿ.

ಈ ಕುಳಿಗಳು ಆದದ್ದು ಹೇಗೆ ಎಂಬ ವಾದ ಬೇರೆಯೇ ಒಂದು ಕಥೆ, ಇಲ್ಲಿ ಅದಕ್ಕೆ ಹೆಚ್ಚು ಜಾಗವಿಲ್ಲ. ಬಹುಕಾಲ ಎಲ್ಲರೂ ಜ್ವಾಲಾಮುಖಿ ಅಂತಲೇ ನಂಬಿದ್ದರು. 1892ರಲ್ಲಿ ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಕುಳಿಗಳ ಆಕಾರ ನೋಡಿ, ಇವು ಮೇಲಿಂದ ಬಂದು ಅಪ್ಪಳಿಸಿದ ಹೊಡೆತಗಳು ಅಂದ. ಓರೆಯಾಗಿ ಬಿದ್ದರೆ ಕುಳಿ ಉದ್ದುದ್ದ ಆಗಬೇಕಲ್ಲ, ಇವೆಲ್ಲ ಯಾಕೆ ದುಂಡಗಿವೆ ಎಂಬ ಆಕ್ಷೇಪ ಬಂತು. ಅಂಥ ವೇಗದಲ್ಲಿ ಬಿದ್ದದ್ದು ಸಿಡಿಮದ್ದಿನಂತೆ ಸ್ಫೋಟಿಸುತ್ತದೆ, ಅದು ಯಾವ ಕಡೆಯಿಂದ ಬಂದಿದ್ದರೂ ಗುಂಡಿ ದುಂಡಗೇ ಆಗುತ್ತದೆ ಅಂತ 1924ರಲ್ಲಿ ನ್ಯೂಜಿಲೆಂಡಿನ ಗಿಫರ್ಡ್ ತೋರಿಸಿದ. ಅಪೊಲೊ ತಂದ ಕಲ್ಲುಗಳು ಬಂದ ಮೇಲೆ ವಾದ ಮುಗಿಯಿತು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. 19ನೇ ಶತಮಾನ ಮುಗಿಯುವ ಹೊತ್ತಿಗೆ ಚಂದ್ರನಿಗೆ ಮೂರು ದಾಖಲೆ ಇದ್ದವು, ಮೂರೂ ಘನವಾದವು. ಒಂದು ಬೇರ್ ಮತ್ತು ಮೇಡ್ಲರರದು. ಎರಡನೆಯದು 1876ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ನೀಸನ್ ಬರೆದ ಗ್ರಂಥ ಮತ್ತು ನಕಾಶೆ. ಮೂರನೆಯದು 1878ರ ಷ್ಮಿಟ್‌ನ ನಕಾಶೆ, ಸುಮಾರು ಎರಡು ಮೀಟರ್ ಅಗಲದ್ದು, ಅದರಲ್ಲಿ 32,856 ಕುಳಿ. ಒಬ್ಬ ಎ ಅಂದದ್ದನ್ನು ಇನ್ನೊಬ್ಬ ಬಿ ಅಂದಿದ್ದಾನೆ. ಒಂದೇ ಅಕ್ಷರ ಎರಡು ಬೇರೆ ಕುಳಿಗಳ ಮೇಲೆ ಕೂತಿದೆ. ಒಬ್ಬನ ನಕಾಶೆಯಲ್ಲಿ ಹೆಸರಿದ್ದ ಜಾಗ ಇನ್ನೊಬ್ಬನಲ್ಲಿ ಪಕ್ಕಕ್ಕೆ ಸರಿದಿದೆ. ಟಿಪ್ಪಣಿ ಒಂದು ಹೇಳಿ, ಆಕಾರ್‌ಬಂದ್ ಒಂದು ಹೇಳಿ, ಗ್ರಾಮ ನಕಾಶೆ ಮತ್ತೊಂದು ಹೇಳಿದಾಗ ತಾಲ್ಲೂಕು ಕಚೇರಿಯ ಮುಂದೆ ಜನ ನಿಲ್ಲುವ ಪಾಡನ್ನು ಬಲ್ಲವನಿಗೆ ಇದನ್ನು ವಿವರಿಸಬೇಕಿಲ್ಲ. ವೀಕ್ಷಕನೊಬ್ಬ ಇಂಥ ಕುಳಿಯಲ್ಲಿ ಬದಲಾವಣೆ ಕಂಡೆ ಅಂತ ಬರೆದರೆ, ಅದು ಯಾವ ಕುಳಿ ಅನ್ನುವುದೇ ಓದಿದವರಿಗೆ ಖಚಿತವಾಗುತ್ತಿರಲಿಲ್ಲ.

1905ರಲ್ಲಿ ಇದನ್ನು ಎತ್ತಿ ಹೇಳಿದವನು ಸ್ಯಾಮ್ಯುಯೆಲ್ ಸಾಂಡರ್, ಇಂಗ್ಲೆಂಡಿನ ವೆಲಿಂಗ್ಟನ್ ಕಾಲೇಜಿನ ಗಣಿತದ ಮೇಷ್ಟ್ರು. 1907ರಲ್ಲಿ ಅಂತರರಾಷ್ಟ್ರೀಯ ಸಮಿತಿಯೊಂದು ನೇಮಕವಾಯಿತು. ಸಮಿತಿಯಲ್ಲಿ ದೊಡ್ಡವರಿದ್ದರು. ಆದರೆ ಕೂತು ತಾಳೆ ನೋಡುವವರು ಬೇಕಲ್ಲ? ಆ ಕೆಲಸ ಮೇರಿ ಬ್ಲ್ಯಾಗ್ ಪಾಲಿಗೆ ಬಂತು.

ಮೇರಿ ಬ್ಲ್ಯಾಗ್ 1858ರಲ್ಲಿ ಸ್ಟಾಫರ್ಡ್‌ಷೈರಿನ ಚೀಡಲ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದಾಕೆ. ತಂದೆ ವಕೀಲ. ಆಕೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ, ತಮ್ಮಂದಿರ ಶಾಲಾಪುಸ್ತಕ ಹಿಡಿದು ಗಣಿತ ಕಲಿತಳು. ನಡುವಯಸ್ಸು ದಾಟುತ್ತಿದ್ದಾಗ ಊರಿಗೆ ಬಂದ ಖಗೋಳ ಉಪನ್ಯಾಸಗಳನ್ನು ಕೇಳಿ, ತಾನೂ ಏನಾದರೂ ಹೊಸ ಕೆಲಸ ಮಾಡಬೇಕು ಅಂತ ಹಂಬಲಿಸಿದಳು. ಆಗ ಕೈಗೆ ಸಿಕ್ಕದ್ದು ಈ ಮೂರು ದಾಖಲೆಗಳ ಸಿಕ್ಕು. ಒಂದೊಂದು ಕುಳಿಯನ್ನೂ ಎತ್ತಿಕೊಂಡು, ಅದು ಇರುವ ಜಾಗ ಬರೆದು, ಮೇಡ್ಲರ್ ಏನಂದ, ಷ್ಮಿಟ್ ಏನಂದ, ನೀಸನ್ ಏನಂದ ಅಂತ ಸಾಲು ಸಾಲಾಗಿ ಎದುರುಬದುರು ಇಟ್ಟಳು. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಗುರುತು ಹಾಕಿದಳು. ಯಾರನ್ನೂ ಬೈಯಲಿಲ್ಲ, ಏನನ್ನೂ ಮುಚ್ಚಿಡಲಿಲ್ಲ. 1912ರ ಡಿಸೆಂಬರಿನಲ್ಲಿ ಸಾಂಡರ್ ತೀರಿಕೊಂಡ. ಆಕೆಯ ತಾಳೆಪಟ್ಟಿ 1913ರಲ್ಲಿ ಅಚ್ಚಾಯಿತು. 1916ರಲ್ಲಿ ರಾಯಲ್ ಅಸ್ಟ್ರಾನಮಿಕಲ್ ಸೊಸೈಟಿ ಮೊದಲ ಬಾರಿಗೆ ಹೆಂಗಸರನ್ನು ಫೆಲೋಗಳಾಗಿ ಸೇರಿಸಿಕೊಂಡಾಗ ಆ ಮೊದಲ ಪಂಕ್ತಿಯಲ್ಲೇ ಆಕೆ ಇದ್ದಳು. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಲ್ಜಿಯಂನಿಂದ ದಿಕ್ಕೆಟ್ಟು ಬಂದ ಮಕ್ಕಳನ್ನೂ ನೋಡಿಕೊಂಡಳು.

ಪಟ್ಟಿ ಇಟ್ಟುಕೊಂಡು ತೀರ್ಮಾನ ಕೊಡುವ ಕೆಲಸ ಬಾಕಿ ಇತ್ತು. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದಕ್ಕೊಂದು ಆಯೋಗ ಮಾಡಿ ಆಕೆಯನ್ನು ಸೇರಿಸಿಕೊಂಡಿತು. ಜೊತೆಗಾರನಾಗಿ ಸಿಕ್ಕವನು ವಿಯೆನ್ನಾದ ಕಾರ್ಲ್ ಮ್ಯುಲ್ಲರ್, ನಿವೃತ್ತ ಸರ್ಕಾರಿ ನೌಕರ. ನೆಚ್ಚಿನ ಹವ್ಯಾಸಕ್ಕೆ ನಿವೃತ್ತಿಯನ್ನು ಧಾರೆ ಎರೆದವನು. 1935ರಲ್ಲಿ ಇಬ್ಬರ ಹೆಸರಿನಲ್ಲಿ ಎರಡು ಸಂಪುಟ ಹೊರಬಂದವು. ಒಂದರಲ್ಲಿ ಪಟ್ಟಿ, ಇನ್ನೊಂದರಲ್ಲಿ ವೆಸ್ಲಿ ಎಂಬವನು ಮತ್ತು ಬ್ಲ್ಯಾಗ್ ಬರೆದ ನಕಾಶೆ. ನಮ್ಮ ಇಲಾಖೆಯ ಮಾತಿನಲ್ಲಿ ಹೇಳುವುದಾದರೆ ಅದು ಚಂದ್ರನ ಪಕ್ಕಾ ಪುಸ್ತಕ. ಹೊಸ ಹೆಸರುಗಳು ಆಮೇಲೆ ಸೇರಿವೆ, ತಿದ್ದುಪಡಿಗಳೂ ಆಗಿವೆ. ಬುನಾದಿ ಮಾತ್ರ ಅದೇ. ಆಗ ಆಕೆಗೆ ಎಪ್ಪತ್ತಾರೋ ಎಪ್ಪತ್ತೇಳೋ ವಯಸ್ಸು. ಗೆಲಿಲಿಯೊ, ಕೊಪರ್ನಿಕಸ್ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಇಷ್ಟು ದೊಡ್ಡ ದಾಖಲೆಯನ್ನು ಒಪ್ಪ ಮಾಡಿ ಕೊಟ್ಟ ಈ ಹೆಂಗಸಿನ ಹೆಸರು ನಮ್ಮ ಶಾಲೆಯ ಒಂದು ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ, ಅದು ನನಗೆ ನೋವಿನ ಸಂಗತಿ.

ಒಂದು ದೊಡ್ಡ ಬದಲಾವಣೆ ಆಕೆ ಹೋದ ಮೇಲೆ ಆಯಿತು, ಅದನ್ನು ಹೇಳದೆ ಬಿಡಲಾರೆ. ಹಳೆಯ ನಕಾಶೆಗಳಲ್ಲಿ ಚಂದ್ರನ ಪೂರ್ವ ಅಂದರೆ ನಮ್ಮ ಆಕಾಶದ ಪೂರ್ವ ದಿಕ್ಕಿನ ಅಂಚು. ಮನುಷ್ಯ ಅಲ್ಲಿಗೆ ಹೋಗುವ ಕಾಲ ಹತ್ತಿರವಾದಾಗ ಇದು ತೊಡಕಾಯಿತು. ಅಲ್ಲಿ ನಿಂತವನಿಗೆ ಸೂರ್ಯ ಹುಟ್ಟುವುದು ನಕಾಶೆಯ ಪಶ್ಚಿಮದಲ್ಲಿ! 1961ರಲ್ಲಿ ಒಕ್ಕೂಟ ದಿಕ್ಕುಗಳನ್ನು ಅದಲುಬದಲು ಮಾಡಿತು. ಹೀಗಾಗಿ ಯೂಲಿಯಸ್ ಫ್ರಾಂಜ್ ಎಂಬ ಖಗೋಳಜ್ಞ ಪೂರ್ವದ ಸಮುದ್ರ ಅಂತ ಹೆಸರಿಟ್ಟ ಜಾಗ ಈಗ ಪಶ್ಚಿಮದ ಅಂಚಿನಲ್ಲಿದೆ. ಹಳೆಯ ದಾಖಲೆ ಓದುವವರು ಮೊದಲು ಇಸವಿ ನೋಡಬೇಕು, ಆಮೇಲೆ ಚಕ್ಕುಬಂದಿ.

1970ರ ದಶಕದಲ್ಲಿ ಹಲವು ಹಿಸ್ಸಾಗಳಿಗೆ ಸ್ವತಂತ್ರ ನಂಬರು ಸಿಕ್ಕಿತು. ಟಾಲೆಮಿಯ ಬಯಲಿನೊಳಗಿನ ಆ ಟಾಲೆಮಿ ಎ ಈಗ ಅಮೋನಿಯಸ್. ಬೆಸೆಲ್ ಎ ಎಂಬ 8 ಕಿ.ಮೀ.ನ ಕುಳಿ ವಿಕ್ರಮ್ ಸಾರಾಭಾಯ್ ಅವರ ಹೆಸರಿಗೆ ಬಂತು. ಹೆರೊಡೋಟಸ್ ಡಿ ಅಂತ ಇದ್ದದ್ದು ಬೆಂಗಳೂರಿನಲ್ಲಿ ಕಡೆಯವರೆಗೂ ದುಡಿದ ಸಿ.ವಿ. ರಾಮನ್ ಅವರದಾಯಿತು. ಮ್ಯಾಸ್ಕೆಲಿನ್ ಇ ಆರ್ಯಭಟನಾದ. ಅದು ಲಾವಾದಲ್ಲಿ ಅರ್ಧ ಮುಳುಗಿ ಬಿಲ್ಲಿನಷ್ಟು ಗೋಡೆ ಮಾತ್ರ ಉಳಿಸಿಕೊಂಡ ಹಳೆಯ ಕುಳಿ. ಅಕ್ಷರವಾಗಿಯೇ ಉಳಿದವಕ್ಕೂ ಮಾನ ಕಡಿಮೆಯೇನಲ್ಲ. 19ನೇ ಶತಮಾನದಿಂದ ಚಂದ್ರನ ಅಕ್ಷಾಂಶ ರೇಖಾಂಶಗಳನ್ನು ಕಟ್ಟಲು ಮೂಲ ಬಿಂದುವಾಗಿ ಹಿಡಿದದ್ದು ಮೋಸ್ಟಿಂಗ್ ಎ ಎಂಬ 13 ಕಿ.ಮೀ.ನ ಹೊಳೆಯುವ ಕುಳಿಯನ್ನು. ಅದು ಇವತ್ತಿಗೂ ಹಿಸ್ಸಾವೇ.

ಮೇರಿ ಬ್ಲ್ಯಾಗ್ 1944ರಲ್ಲಿ ತೀರಿಕೊಂಡಳು. ಆಕೆಯ ಹೆಸರಿನ ಕುಳಿ ಸುಮಾರು 5 ಕಿ.ಮೀ. ಅಗಲ. ಅಕ್ಷಾಂಶ ರೇಖಾಂಶ ಎರಡೂ ಸೊನ್ನೆಯಾಗುವ ಬಿಂದುವಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ನಡು ಕೊಲ್ಲಿ ಅಂತ ಕರೆಯುವ ಕಪ್ಪು ಬಯಲಿನಲ್ಲಿದೆ. ಮ್ಯುಲ್ಲರನ ಕುಳಿ ಟಾಲೆಮಿಯ ಪೂರ್ವದ ಮಗ್ಗುಲಲ್ಲಿದೆ, ಅದು ದೊಡ್ಡದು, ನನ್ನ ನಾಲ್ಕಿಂಚಿನಲ್ಲೂ ಸಲೀಸಾಗಿ ಸಿಗುತ್ತದೆ. ಬ್ಲ್ಯಾಗ್ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಆರು ಇಂಚಿನ ದೂರದರ್ಶಕ ಇರುವವರು ಅಷ್ಟಮಿಯ ಮರುರಾತ್ರಿ, ಗಾಳಿ ಅಲುಗದ ಹೊತ್ತಿನಲ್ಲಿ, ಮೊದಲು ಟಾಲೆಮಿಯನ್ನು ಹಿಡಿದು ಅಲ್ಲಿಂದ ಉತ್ತರಕ್ಕೆ ಬರಬೇಕು.